ಬನದ ಬಾಯಲ್ಲಿ ಉಳಿದ ಹರಳು

ಬಾದಾಮಿಯಿಂದ ಗುಳೇದಗುಡ್ಡದ ಕಡೆಗೆ ಹಬ್ಬಿದ ಗುಡ್ಡಸಾಲಿನಲ್ಲಿ, ರಸ್ತೆಯಿಂದ ಕಾಣದ ಒಂದು ಕಮರಿಯಿದೆ. ಹೊರಗೆಲ್ಲ ಬಿಸಿಲಿಗೆ ಸುಟ್ಟ ಕೆಂಪು ಬಂಡೆ, ಕಾರಿಮುಳ್ಳು, ಕವಳಿ ಕಂಟಿ. ಕಮರಿಯೊಳಗೆ ಕಾಲಿಟ್ಟರೆ ಮಾತ್ರ ಬೇರೆಯೇ ಲೋಕ. ನಾಲ್ಕು ಜನ ಕೈ ಕೈ ಹಿಡಿದು ನಿಂತರೂ ತಬ್ಬಲಾಗದ ಅತ್ತಿ, ಆಲ, ನೇರಲ, ತಪಸಿ ಮರಗಳು. ತೊಡೆ ಗಾತ್ರದ ಬಳ್ಳಿಗಳು. ಬೇಸಿಗೆಯಲ್ಲೂ ಒಣಗದ ಒಂದು ಒರತೆ. ಅದು ಬೀರಪ್ಪ ದೇವರ ಬನ. ಕುರುಬರ ಒಂದು ಮನೆತನ ತಲೆಮಾರುಗಳಿಂದ ಅದನ್ನು ಕಾಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿಗೆ ಫಾರೆಸ್ಟ್ ಗಾರ್ಡ್ ಆಗಿ ಬರುವ ಹೊತ್ತಿಗೆ ಅದು ಮೀಸಲು ಅರಣ್ಯವೂ ಆಗಿತ್ತು. ಹೀಗೆ ಒಂದೇ ಬನಕ್ಕೆ ಇಬ್ಬರು ಕಾವಲುಗಾರರು. ಒಬ್ಬ ಸರಕಾರದವನು, ನಾನು. ಇನ್ನೊಬ್ಬ ಬೀರಪ್ಪನವನು.

ಆ ಇನ್ನೊಬ್ಬನನ್ನು ನಾನು ಕಾಕಾ ಎನ್ನುತ್ತಿದ್ದೆ. ಐವತ್ತು ದಾಟಿದ ಆಳು. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರದ ಅರಿಶಿನ, ಬಾಯಿ ತುಂಬ ಬಡಾಯಿ. ತನ್ನ ಅಜ್ಜನನ್ನು ಕಂಡರೆ ಚಿರತೆ ಬಾಲ ಮಡಚಿ ಕೂರುತ್ತಿತ್ತು ಎಂದು ಹೇಳುವವನು. ಗಂಡುಮಕ್ಕಳಿಲ್ಲದೆ ಮಗಳಿಗೇ ಮನೆಯಳಿಯನನ್ನು ತಂದುಕೊಂಡಿದ್ದ. ಆ ಮಗಳು ಬನದ ಹೊರಗೆ ಕುರಿ ಕಾಯುತ್ತಿದ್ದಳು.

ಬನಕ್ಕೆ ಒಳಹೋಗಲು ಒಂದೇ ದಾರಿ. ಅದರ ಬಾಯಲ್ಲಿ ಮೊಣಕಾಲೆತ್ತರದ ಒಂದು ಚಪ್ಪಟೆ ಬಂಡೆ. ಒಳಗೆ ಹೋಗುವ ಪ್ರತಿಯೊಬ್ಬರೂ ಅಲ್ಲಿ ಕೆರವು ಬಿಟ್ಟು, ನೆಲದಿಂದ ಒಂದು ಹರಳು ಆರಿಸಿ ಬಂಡೆಯ ಮೇಲೆ ಇಡಬೇಕು. ಹೊರಬರುವಾಗ ತನ್ನ ಹರಳನ್ನು ತಾನೇ ತೆಗೆಯಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಂದಾಗಿ ಕರೆದುಕೊಂಡು ಹೋದವನು ಎಲ್ಲರಿಗಿಂತ ಹಿಂದೆ ಹೊರಬರಬೇಕು. ಒಳಗೆ ಕೊಡಲಿ ಒಯ್ಯುವಂತಿಲ್ಲ. ಬೆಂಕಿ ಹೊತ್ತಿಸುವಂತಿಲ್ಲ. ಬನದಲ್ಲಿ ಉಣ್ಣುವುದಾದರೆ ಮನೆಯಿಂದ ತಂದ ಬುತ್ತಿಯನ್ನೇ ಉಣ್ಣಬೇಕು.

ನಮ್ಮದು ಇಳಕಲ್ಲಿನ ಮನೆ, ಬಸವಣ್ಣನವರನ್ನು ನಂಬಿದವರು. ಕಲ್ಲಿನ ಮುಂದೆ ಕೈಮುಗಿದು ನಿಲ್ಲುವುದನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಜೊತೆಗೆ ಎಸ್ಸೆಸ್ಸೆಲ್ಸಿ ಪಾಸಾದ ಗರ್ವ, ಖಾಕಿಯ ಗರ್ವ. ಬಂಡೆಯ ಮೇಲಿನ ಹರಳುಗಳನ್ನು ನಾನು ಪೂಜೆಯ ಒಂದು ಬಗೆ ಎಂದುಕೊಂಡಿದ್ದೆ. ಅದು ಹಾಜರಿ ಎಂದು ನನಗೆ ಹೊಳೆದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲ. ಎಳ್ಳಮಾಸಿ ಆಗಿ ನಾಲ್ಕಾರು ದಿನ ಕಳೆದಿರಬೇಕು. ಬಾಗಲಕೋಟೆಯ ಕಾಲೇಜೊಂದರ ಸಸ್ಯಶಾಸ್ತ್ರದ ಉಪನ್ಯಾಸಕರು ತಮ್ಮ ವಿದ್ಯಾರ್ಥಿಗಳಿಗೆ ಹಳೆಯ ಕಾಡು ತೋರಿಸಬೇಕೆಂದು ನಮ್ಮ ರೇಂಜರ್ ಸಾಹೇಬರನ್ನು ಕೇಳಿದ್ದರು. ಅದೇ ಸಮಯಕ್ಕೆ ಬನದ ದೊಡ್ಡ ಮರಗಳಿಗೆ ನಂಬರು ಹಾಕುವ ಕೆಲಸವೂ ನನ್ನ ತಲೆಯ ಮೇಲಿತ್ತು.

"ಹುಡುಗರು ಹೆಂಗಿದ್ರೂ ಬರ್ತಾರ. ಟೇಪ್ ಹಿಡಿಯಾಕ ಆಳ ಸಿಕ್ಕಂಗಾತು. ತೋರಿಸಿಧಂಗೂ ಆಗ್ತೈತಿ, ನಂಬರ ಹಾಕಿಧಂಗೂ ಆಗ್ತೈತಿ. ಮುಂದಿನ ವಾರ ಮ್ಯಾಲಿನವ್ರು ನೋಡಾಕ ಬರ್ತಾರ. ನಂಬರ ಛಲೋತ್ನ್ಯಾಗ ಕಾಣಬೇಕ ನೋಡ್ಪಾ" ಎಂದರು ಸಾಹೇಬರು.

ನಂಬರು ಹಾಕುವ ಕೆಲಸ ಹೇಳುವಷ್ಟು ಸುಲಭವಲ್ಲ. ಮೊದಲು ಎದೆಯ ಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಬೇಕು. ಟೇಪು ಬಳ್ಳಿಯ ಮೇಲೆ ಹಾಯಬಾರದು. ಆಮೇಲೆ ಚಾಕುವಿನಿಂದ ಅಂಗೈಯಗಲ ತೊಗಟೆಯನ್ನು ಮೇಲೆಮೇಲೆ ಕೆರೆಯಬೇಕು. ಒಣ ತೊಗಟೆ ಉದುರಬೇಕು, ಹಸಿ ತೊಗಟೆಗೆ ಗಾಯವಾಗಬಾರದು. ಹಾಗೆ ನುಣುಪಾದ ಜಾಗದಲ್ಲಿ ಬ್ರಶ್ಶಿನಿಂದ ಡಾಂಬರಿನ ನಂಬರು ಬರೆಯಬೇಕು. ಡಾಂಬರು ಹದವಾಗಿದ್ದರೆ ಒಂದೇ ಎಳೆತಕ್ಕೆ ಅಂಕಿ ಮೂಡುತ್ತದೆ. ಚಳಿಗೆ ಗಟ್ಟಿಯಾದರೆ ಬ್ರಶ್ಶಿಗೆ ಗಂಟುಗಂಟಾಗಿ ಅಂಟುತ್ತದೆ, ಅಂಕಿ ಒಡೆಯುತ್ತದೆ. ಬಯಲಿನಲ್ಲಾದರೆ ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟರೆ ಸಾಕು. ಆ ಕಮರಿಯಲ್ಲಿ ಬಿಸಿಲು ನೆಲ ಮುಟ್ಟುವುದೇ ಅಪರೂಪ.

ಅಂದು ಬೆಳಿಗ್ಗೆ ಉಪನ್ಯಾಸಕರೂ ಹತ್ತು ಹನ್ನೆರಡು ಹುಡುಗರೂ ಬಸ್ಸಿಳಿದು ನಡೆದು ಬಂದರು. ಕಾಕಾ ಬನದ ಬಾಯಲ್ಲಿ ಕಾಯುತ್ತಿದ್ದ. ಎಲ್ಲರೂ ಕೆರವು ಬಿಟ್ಟು ಹರಳು ಇಟ್ಟರು. ನನಗೆ ಬಗ್ಗಿ ಹರಳು ಆರಿಸಲು ಬೇಸರ. ಕಿಸೆಯಲ್ಲಿ ಚಾಕು ಮಸೆಯಲು ಇಟ್ಟುಕೊಂಡಿದ್ದ ಇಳಕಲ್ಲಿನ ಕೆಂಪು ಕಲ್ಲಿನ ಚೂರೊಂದಿತ್ತು. ನಮ್ಮಣ್ಣ ಅಲ್ಲಿಯ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ, ಅವನು ಕೊಟ್ಟದ್ದು. ಒಂದು ಮಗ್ಗುಲು ಪಾಲಿಶ್ ಆಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನೇ ಟಪ್ಪೆಂದು ಬಂಡೆಯ ಮೇಲಿಟ್ಟೆ.

"ಏನ್ರೀ ಗಾರ್ಡ್ ಸಾಹೇಬ್ರ, ನಮ್ಮ ಗುಡ್ಡದಾಗ ಕಲ್ಲ ಕಡಿಮಿ ಬಿದ್ವೇನು? ಇಳಕಲ್ಲಿಂದ ತರಿಸೀರಿ?" ಎಂದ ಕಾಕಾ.

"ಸರಕಾರಿ ಮನಿಷ್ಯಾನ ಹರಳ ಕಾಕಾ. ಎದ್ದ ಕಾಣಬೇಕಲ್ಲ."

"ಕಾಣ್ತೈತಿ ಬಿಡ್ರಿ. ನಮ್ಮ ಬೀರಪ್ಪ ಕಣ್ಣ ಮುಚ್ಚಿಕೊಂಡ ಕುಂಡ್ರಬೇಕು, ಹಂಗ ಹೊಳ್ಯಾಕತ್ತೈತಿ."

ಹುಡುಗರು ನಕ್ಕರು. ಅವರಲ್ಲಿ ಗುಳೇದಗುಡ್ಡದ ನೇಕಾರರ ಮನೆಯ ಹುಡುಗನೊಬ್ಬ ಬಲು ಚೂಟಿ. "ಕಾಕಾ, ಹೊರಗ ಬರೂಮುಂದ ಒಂದ ಹರಳ ಕಡಿಮಿ ಬಿದ್ರ ಏನ ಮಾಡ್ತಿ?" ಎಂದು ಕೇಳಿದ.

"ಕಡಿಮಿ ಬಿದ್ರ ಕಾಗಿ ಒಯ್ದಿರಬೇಕ ತಗೋ. ಒಂದ ಉಳೀತಂದ್ರ ಚಿಂತಿ."

"ಉಳದ್ರ?"

"ಉಳದ್ರ ಒಳಗೊಬ್ಬಾವ ಉಳದಾನ ಅಂತ ಆತಲ್ಲೋ ತಮ್ಮಾ. ನಾ ಹೊಳ್ಳಿ ಹೋಗ್ತೇನಿ."

ಅಷ್ಟು ಸರಳವಾಗಿ ಹೇಳಿದ. ನಾನೂ ಕೇಳಿಸಿಕೊಂಡೆ.

ಕಾಕಾ ಮುಂದೆ, ನಾನು ಹಿಂದೆ, ನಡುವೆ ಕಾಲೇಜಿನವರು. ಬರಿಗಾಲಿಗೆ ಕೊಳೆತ ಎಲೆ ಮೆತ್ತಗೆ, ತಣ್ಣಗೆ ತಾಕುತ್ತಿತ್ತು. ಒಂದೊಂದು ಮರದ ಮುಂದೆ ನಿಂತು ಉಪನ್ಯಾಸಕರು ಒಂದು ಹೆಸರು ಹೇಳುವರು, ನಾನು ಇಲಾಖೆಯ ಹೆಸರು ಹೇಳುವೆ, ಕಾಕಾ ಮೂರನೆಯದೊಂದು ಹೇಳುವನು. ಅವನ ಹೆಸರುಗಳು ಕೆಲವು ತಪ್ಪಿದ್ದವು. ಒಂದು ತಪಸಿ ಮರವನ್ನು ಬೀರಪ್ಪನ ತಂಗಿ ತನ್ನ ಕೈಯಾರೆ ನೆಟ್ಟದ್ದೆಂದು ಆಣೆ ಮಾಡಿ ಹೇಳಿದ. ಹುಡುಗರು ಅವನ ಮಾತಿಗೇ ಮುತ್ತಿಕೊಂಡರು. ನನ್ನ ಮಾತು ಯಾರಿಗೂ ಬೇಡವಾಯಿತು. ಸಣ್ಣ ಹೊಟ್ಟೆಕಿಚ್ಚು ಅಲ್ಲಿಯೇ ಹುಟ್ಟಿತೆಂದು ಈಗ ಅನಿಸುತ್ತದೆ.

ಒರತೆಯ ಹತ್ತಿರ ಬರುವ ಹೊತ್ತಿಗೆ ಕೆಳಗಿನ ಮರಗಳಿಗೆಲ್ಲ ನಂಬರು ಹಾಕಿಯಾಗಿತ್ತು. ಬರುವಾಗ ಡಬ್ಬಿಯನ್ನು ಬಿಸಿಲಿಗೆ ಇಟ್ಟುಕೊಂಡು ತಂದಿದ್ದರಿಂದ ಡಾಂಬರು ಅಲ್ಲಿಯವರೆಗೆ ಹೇಗೋ ಬಾಳಿತು. ಉಪನ್ಯಾಸಕರ ಮೊಣಕಾಲು ನೋಯುತ್ತಿತ್ತು. ಅವರು ಅರ್ಧ ಹುಡುಗರೊಡನೆ ಒರತೆಯ ಬಳಿ ಬುತ್ತಿ ಬಿಚ್ಚಿ ಕುಳಿತರು. ಉಳಿದ ದೊಡ್ಡ ಮರಗಳಿದ್ದದ್ದು ಮೇಲೆ, ಕಡಿದಾದ ಬಂಡೆಗೋಡೆಯ ಬುಡದಲ್ಲಿ. ಉಳಿದ ಹುಡುಗರನ್ನು ಕರೆದುಕೊಂಡು ನಾನು ಅಲ್ಲಿಗೆ ಹೊರಟೆ.

"ಮ್ಯಾಲ ಹೋಗ್ರಿ, ಆದ್ರ ಲಗೂ ಬರ್ರಿ. ಆ ಗ್ವಾಡಿಗೆ ಜೇನ ಅದಾವ. ಗದ್ಲ ಬ್ಯಾಡ. ಬೆಂಕಿ ಅಂತೂ ಬ್ಯಾಡೇ ಬ್ಯಾಡ" ಎಂದ ಕಾಕಾ, ರೊಟ್ಟಿ ಮುರಿಯುತ್ತ.

"ಬೆಂಕಿ ಕಾಯೂದ ನನ್ನ ನೌಕರಿ ಕಾಕಾ. ನನಗ ಕಲಸ್ತಿ?" ಎಂದೆ.

"ಕಲಸೂದಿಲ್ರಿ, ನೆನಪ ಮಾಡ್ತೇನಿ. ಕಂಬಳಿ ಒಯ್ರಿ ಬೇಕಾದ್ರ."

"ನಿನ್ನ ಕಂಬಳಿ ನೀನ ಹೊತ್ಕೊ. ಚಳಿ ನಿನಗ ಹತ್ತೇತಿ."

ಇದಕ್ಕೂ ಹುಡುಗರು ನಕ್ಕರು. ಈ ಸಲ ನನ್ನ ಮಾತಿಗೆ ನಕ್ಕರು. ನನಗೆ ಹಿತವೆನಿಸಿತು.

ಮೇಲೆ ಹೋಗಿ ನೋಡಿದರೆ ಬಂಡೆಗೋಡೆಯ ಎತ್ತರದಲ್ಲಿ, ಮುಂಚಾಚಿದ ಕಲ್ಲಿನ ಕೆಳಗೆ, ಹೆಜ್ಜೇನಿನ ಹುಟ್ಟುಗಳು ಸಾಲಾಗಿ ಜೋತುಬಿದ್ದಿದ್ದವು. ಹಗ್ಗದ ಮೇಲೆ ಒಣಹಾಕಿದ ಕರಿ ಕಂಬಳಿಗಳಂತೆ. ಹುಡುಗರಿಗೆ ತೋರಿಸಿ, "ಭಾಳ ಮ್ಯಾಲ ಅದಾವ, ನಮಗೇನ ಸಂಬಂಧ ಇಲ್ಲ" ಎಂದೆ. ಮೊದಲ ಮರದ ಸುತ್ತಳತೆ ತೆಗೆದು, ತೊಗಟೆ ಕೆರೆದು, ಬ್ರಶ್ಶು ಅದ್ದಿದೆ. ಡಾಂಬರು ಬೆಲ್ಲದ ಪಾಕ ಆರಿದಂತೆ ಗಟ್ಟಿಯಾಗಿತ್ತು. ಅಂಕಿಯ ಮೊದಲ ಗೆರೆ ಎಳೆದೆ, ಒಡೆಯಿತು. ತಿದ್ದಿದೆ, ಗಂಟಾಗಿ ಕೆಳಕ್ಕೆ ಜಾರಿತು. ನೇಕಾರರ ಹುಡುಗ, "ಇದೇನ್ರಿ, ನಂಬರ ಹಾಕಾಕತ್ತೀರೋ, ದೃಷ್ಟಿಬೊಟ್ಟ ಇಡಾಕತ್ತೀರೋ?" ಎಂದ.

ಮುಂದಿನ ವಾರ ಮೇಲಿನವರು ಬಂದಾಗ ಈ ಅಂಕಿಯನ್ನು ನೋಡಿ ಏನನ್ನುತ್ತಾರೆಂದು ಯೋಚಿಸಿದೆ. ಡಬ್ಬಿ ಕೆಳಕ್ಕೆ ಒಯ್ದು, ಬನದ ಹೊರಗೆ ಬಿಸಿಲಲ್ಲಿಟ್ಟು, ಮತ್ತೆ ಹತ್ತಿ ಬರಬಹುದಿತ್ತು. ಇನ್ನೊಂದು ದಿನ ಬರಬಹುದಿತ್ತು. ನಾನು ಬೆಂಕಿ ಹಾಕಲು ನಿರ್ಧರಿಸಿದೆ.

ಆ ಬೆಂಕಿಯನ್ನು ನಾನು ಎಷ್ಟು ಜಾಗ್ರತೆಯಿಂದ ಹಾಕಿದೆನೆಂದರೆ, ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬಂಡೆ ಕಾಣುವವರೆಗೆ ಎಲೆ ಗುಡಿಸಿದೆ. ಸುತ್ತ ಮೂರು ಮಾರು ಕಸ ತೆಗೆಸಿದೆ. ಮೂರು ಕಲ್ಲು ಹೂಡಿ, ಒಂದೇ ಹಿಡಿ ಪುಳ್ಳೆ ಇಟ್ಟೆ. ಪಕ್ಕದಲ್ಲಿ ಹುಡುಗರು ಒರತೆಯಿಂದ ಹೊತ್ತು ತಂದಿದ್ದ ನೀರಿನ ಕೊಡ. ಇಬ್ಬರು ಹುಡುಗರ ಕೈಗೆ ಹಸಿ ಟೊಂಗೆ ಕೊಟ್ಟು, ಕಿಡಿ ಹಾರಿದರೆ ಹೇಗೆ ಬಡಿಯಬೇಕೆಂದು ಕಲಿಸಿದೆ. "ಕಾಡಿನಾಗ ಬೆಂಕಿ ಹಾಕೂ ರೀತಿ ಅಂದ್ರ ಹಿಂಗ ನೋಡ್ರಪಾ" ಎಂದು ಪಾಠ ಮಾಡಿದೆ. ಬೆಂಕಿ ಎಂದರೆ ಕಾಡು ಸುಡುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ಕಾಕಾ ಬೇಡವೆಂದದ್ದೂ ಅದಕ್ಕೇ ಎಂದುಕೊಂಡೆ. ಜೇನಿನ ಮಾತನ್ನೂ ಬೆಂಕಿಯ ಮಾತನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ್ದ. ಅವೆರಡನ್ನೂ ನಾನು ಕೂಡಿಸಿಕೊಳ್ಳಲಿಲ್ಲ.

ಪುಳ್ಳೆಯ ಬೆಂಕಿಗೆ ಹೊಗೆ ಅಷ್ಟಿರಲಿಲ್ಲ. ಹೊಗೆ ಬಂದದ್ದು ಡಬ್ಬಿಯಿಂದ. ಅಂಚಿಗೆ ಅಂಟಿದ್ದ ಡಾಂಬರು ಉರಿಯ ಮೇಲೆ ತೊಟ್ಟಿಕ್ಕಿ ಹೊತ್ತಿಕೊಂಡಿತು. ಕರ್ರಗೆ, ದಪ್ಪಗೆ, ಘಾಟು ಹೊಗೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಕಮರಿಯ ಗಾಳಿ ಬುಡದಿಂದ ಮೇಲಕ್ಕೆ ಹರಿಯುತ್ತದೆ. ಹೊಗೆ ಬಂಡೆಗೋಡೆಯನ್ನು ನೆಕ್ಕುತ್ತ ನೇರವಾಗಿ ಏರಿತು.

ಮೊದಲು ಒಂದು ಸದ್ದು ಕೇಳಿತು. ದೂರದಲ್ಲಿ ಯಾರೋ ಮಗ್ಗ ಸುರು ಮಾಡಿದಂತೆ. ತಲೆ ಎತ್ತಿದೆ. ಕರಿ ಕಂಬಳಿಯೊಂದು ಅಲೆಅಲೆಯಾಗಿ ನಡುಗಿತು, ಆಮೇಲೆ ಕಳಚಿಕೊಂಡು ಕೆಳಗೆ ಬಂತು.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅದನ್ನು ಇಲಾಖೆಯಲ್ಲಿ ಕಲಿಸಿದ್ದರು. ಓಡಗೊಡಬಾರದು. ಕೈ ಬೀಸಗೊಡಬಾರದು. ಎಲ್ಲರನ್ನೂ ಬೋರಲು ಮಲಗಿಸಿ, ಮುಖ ಮುಚ್ಚಿಸಿ, ಎಲೆಯೋ ಬಟ್ಟೆಯೋ ಹೊದಿಸಬೇಕು. ಒಂದು ಮಾತು ಕೂಗಿದ್ದರೆ ಸಾಕಿತ್ತು. ನನ್ನ ಬಾಯಿಂದ ದನಿಯೇ ಹೊರಡಲಿಲ್ಲ. ಹುಡುಗರು ಚೀರುತ್ತ ಒರತೆಯ ಕಡೆ ಇಳಿದು ಓಡಿದರು. ನಾನು ಅವರ ಹಿಂದೆ ಹೋಗಲಿಲ್ಲ. ಗೋಡೆಯ ಪಕ್ಕದಲ್ಲಿ ಒಂದು ಸೀಳು ಇತ್ತು, ಗಂಧದ ಕಳ್ಳರು ಹತ್ತಿಳಿಯುತ್ತಿದ್ದ ಜಾಗ. ಗಸ್ತು ತಿರುಗುವ ನನಗೆ ಮಾತ್ರ ಗೊತ್ತಿತ್ತು. ಆ ಸೀಳಿನಲ್ಲಿ ಬೆನ್ನು ಒತ್ತಿ, ಮೊಣಕೈ ತರಚಿಕೊಂಡು, ಗುಡ್ಡದ ಮೇಲಕ್ಕೆ ಹತ್ತಿಬಿಟ್ಟೆ. ಕತ್ತಿಗೆ, ಕಿವಿಗೆ ನಾಲ್ಕಾರು ಹುಳ ಕಚ್ಚಿದವು, ಅಷ್ಟೇ.

ಕೆಳಗೆ ಆದದ್ದನ್ನು ನೇಕಾರರ ಹುಡುಗ ಆಮೇಲೆ ಹೇಳಿದ. ಹುಡುಗರು ಓಡಿ ಬಂದದ್ದೇ ಕಾಕಾ ಎದ್ದು, "ಮಕ್ಕೋರಿ ಲೇ! ಮಕ್ಕೋರಿ! ಬಡೀಬ್ಯಾಡ್ರಿ!" ಎಂದು ಎಲ್ಲರೂ ಬೋರಲು ಮಲಗುವಂತೆ ಕೂಗಿದನಂತೆ. ತನ್ನ ಕಂಬಳಿಯನ್ನು ಉಪನ್ಯಾಸಕರ ಮೇಲೂ ಇಬ್ಬರು ಹುಡುಗರ ಮೇಲೂ ಎಸೆದನಂತೆ. ಉಳಿದವರನ್ನು ಕತ್ತು ಹಿಡಿದು ಒರತೆಯ ನೀರಿಗೆ ಕೆಡವಿ, ಅವರ ಮೇಲೆ ಬಳ್ಳಿಯ ಕಂಟಿ ಎಳೆದನಂತೆ. ಹುಳಗಳ ಆರ್ಭಟ ಕೊಂಚ ಇಳಿದ ಮೇಲೆ ಒಬ್ಬೊಬ್ಬರನ್ನೇ ಅಂಬೆಗಾಲಿನಲ್ಲಿ ಬನದ ಬಾಯಿಯವರೆಗೆ ನಡೆಸಿದನಂತೆ.

ಬನದ ಬಾಯಲ್ಲಿ ಆದದ್ದನ್ನು ಅವನ ಮಗಳು ಹೇಳಿದಳು. ಅಳುತ್ತಿದ್ದ ಹುಡುಗರನ್ನು ಕೂಡ ಅವನು ಹರಳು ತೆಗೆಯದೆ ಮುಂದೆ ಬಿಡಲಿಲ್ಲವಂತೆ. "ಮೊದಲ ನಿನ್ನ ಹರಳ ತಗಿಯೋ, ಆಮ್ಯಾಲ ಅಳುವಂತಿ" ಎಂದನಂತೆ. ಎಲ್ಲರೂ ತೆಗೆದ ಮೇಲೆ ಬಂಡೆಯ ಮೇಲೆ ಎರಡು ಉಳಿದವು. ಒಂದು ಅವನದು. ಇನ್ನೊಂದು ಹೊಳೆಯುವ ಕೆಂಪು ಚೂರು.

"ಗಾರ್ಡ್ ಸಾಹೇಬ್ರು ಒಳಗ ಉಳದಾರ" ಎಂದನಂತೆ.

"ಅಪ್ಪಾ, ಕಂಬಳಿ ತಗೊಂಡ ಹೋಗು" ಎಂದಳಂತೆ ಮಗಳು. ಕಂಬಳಿ ಆಗ ಉಪನ್ಯಾಸಕರ ಮೈಮೇಲಿತ್ತು. ಅವರು ನಡುಗುತ್ತಿದ್ದರು. "ಇರಲಿ ಬಿಡವಾ, ಅವ್ರಿಗೆ ಇರಲಿ. ನೀ ಇವ್ರನ್ನ ರಸ್ತಾಕ ಮುಟ್ಟಸು" ಎಂದು ಹೇಳಿ, ತಲೆಯ ರುಮಾಲನ್ನು ಮುಖಕ್ಕೆ ಸುತ್ತಿಕೊಂಡು ಹೊಳ್ಳಿ ಒಳಗೆ ಹೋದನಂತೆ.

ಇನ್ನು ನಾನು ಹೇಳಬೇಕಾದದ್ದು ನನ್ನ ಮಾತು. ಇದನ್ನು ಯಾರೂ ನನಗೆ ಹೇಳಲಿಲ್ಲ. ಇದಕ್ಕೆ ನಾನೊಬ್ಬನೇ ಸಾಕ್ಷಿ.

ನಾನು ಗುಡ್ಡದ ಮೇಲೆ ಒಂದು ಕಂಟಿಯ ಮರೆಯಲ್ಲಿ ಕುಳಿತಿದ್ದೆ. ಕೆಳಗೆ ಜೇನಿನ ಮೊರೆತ ಇನ್ನೂ ಇತ್ತು. ಅದರ ನಡುವೆ ಕಾಕಾನ ದನಿ ಕೇಳಿತು. "ಗಾರ್ಡ್ ಸಾಹೇಬ್ರ! ಓ ಗಾರ್ಡ್ ಸಾಹೇಬ್ರ!" ಒರತೆಯ ಬಳಿಯಿಂದ ಒಮ್ಮೆ. ಇನ್ನೂ ಮೇಲಿನಿಂದ ಮತ್ತೊಮ್ಮೆ. ದನಿ ನನ್ನ ಬೆಂಕಿಯ ಕಡೆಗೇ ಏರಿ ಬರುತ್ತಿತ್ತು. ನಾನು ಎದ್ದು ಅಂಚಿಗೆ ಹೋಗಿ, "ಇಲ್ಲಿದ್ದೇನಿ ಕಾಕಾ, ನೀ ಹೊರಗ ಹೋಗು" ಎಂದಿದ್ದರೆ ಅವನಿಗೆ ಕೇಳುತ್ತಿತ್ತು. ಕಮರಿಯಲ್ಲಿ ದನಿ ಚೆನ್ನಾಗಿ ಇಳಿಯುತ್ತದೆ. ನಾನು ಕೂಗಲಿಲ್ಲ. ಕೂಗಿದರೆ ಹುಳ ಬರುತ್ತವೆಂಬ ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಬೇರೆ ಇತ್ತು. ಹುಡುಗರನ್ನು ಬಿಟ್ಟು ಓಡಿ ಬಂದವನು ನಾನೆಂದು ಅವನಿಗೆ ಗೊತ್ತಾಗುತ್ತದಲ್ಲ, ಅದು. ಅವನು ಮತ್ತೆ ಕೂಗಿದ. ನಾನು ಅಂಗೈಯಿಂದ ಕಿವಿ ಮುಚ್ಚಿಕೊಂಡೆ. ಕೈ ತೆಗೆದಾಗ ಮೊರೆತ ಮಾತ್ರ ಇತ್ತು, ದನಿ ಇರಲಿಲ್ಲ.

ಗುಡ್ಡ ಬಳಸಿ ರಸ್ತೆಗೆ ಇಳಿದೆ. ಅಲ್ಲಿ ಕಾಲೇಜಿನವರು ಊದಿದ ಮುಖ ಹೊತ್ತು ಕುಳಿತಿದ್ದರು. ಉಪನ್ಯಾಸಕರು ನನ್ನನ್ನು ಕಂಡು, "ನೀವು ಇಲ್ಲಿದ್ದೀರಾ? ಆ ಹಿರಿಯರು ನಿಮ್ಮನ್ನು ಹುಡುಕೋದಕ್ಕೆ ಒಳಗೆ ಹೋದ್ರಲ್ಲ!" ಎಂದರು. ಸಹಾಯಕ್ಕೆ ಜನ ಕರೆತರಲು ಮೇಲಿನ ದಾರಿಯಿಂದ ಬಂದೆನೆಂದೆ. ಅವರು ನಂಬಿದರು. ಮಗಳು ಅಷ್ಟರಲ್ಲಿ ಊರಿಗೆ ಓಡಿ ತಿಳಿಸಿದ್ದರಿಂದ ಕಾಕಾನ ಅಳಿಯನೂ ಇನ್ನಿಬ್ಬರೂ ಕಂಬಳಿ ಹೊದ್ದು ಬಂದರು. ನಾನೂ ಒಂದು ಕಂಬಳಿ ಹೊದ್ದು ಅವರ ಜೊತೆ ಒಳಗೆ ಹೋದೆ. ಕಾಕಾ ನಾನು ಹೂಡಿದ ಮೂರು ಕಲ್ಲುಗಳ ಪಕ್ಕದಲ್ಲೇ ಬೋರಲು ಬಿದ್ದಿದ್ದ. ರುಮಾಲು ಬಿಚ್ಚಿಹೋಗಿತ್ತು. ಬೆಂಕಿ ಮಾತ್ರ ತಾನಾಗಿಯೇ ಆರಿತ್ತು, ಒಂದು ಎಲೆಯನ್ನೂ ಸುಟ್ಟಿರಲಿಲ್ಲ. ಅಂದು ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಕಂಬಳಿಯ ಜೋಳಿಗೆಯಲ್ಲಿ ಅವನನ್ನು ಹೊತ್ತು ಹೊರಗೆ ತಂದೆವು. ಅವಸರದಲ್ಲಿ ಬಂಡೆಯ ಕಡೆ ನಾನು ನೋಡಲೂ ಇಲ್ಲ.

ಕಾಕಾ ಬದುಕಿದ. ಬಾಗಲಕೋಟೆಯ ದವಾಖಾನೆಯಲ್ಲಿ ಅವನ ಮೈಯಿಂದ ಜೇನಿನ ಮುಳ್ಳು ಕೀಳುತ್ತಲೇ ಇದ್ದರು. ಬಲಗಣ್ಣಿನ ಗುಡ್ಡೆಯಲ್ಲೇ ಒಂದು ಮುಳ್ಳು ಮುರಿದಿತ್ತು. ಆ ಕಣ್ಣು ಉಳಿಯಲಿಲ್ಲ. ನಾನು ನೋಡಲು ಹೋದಾಗ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ದನಿಯಿಂದಲೇ ಗುರುತಿಸಿದ.

"ಸಾಹೇಬ್ರ, ಆರಾಮದೀರೇನು? ಎಲ್ಲಿದ್ರಿ ಅವತ್ತ? ಎಷ್ಟ ಒದರಿದೆ ನಾ."

"ಒಳಗ ಇದ್ದೆ ಕಾಕಾ. ಬಂಡಿಗಲ್ಲಿನ ಸಂದ್ಯಾಗ ಮಕ್ಕೊಂಡಿದ್ದೆ. ಹುಡುಗರನ್ನ ಹುಡುಕಾಕ ನಿಂತಿದ್ದೆ. ನಿನ್ನ ದನಿ ಕೇಳಲಿಲ್ಲ." ರಸ್ತೆಯಲ್ಲಿ ಉಪನ್ಯಾಸಕರಿಗೆ ಹೇಳಿದ ಸುಳ್ಳು ಒಂದು, ಇದು ಇನ್ನೊಂದು.

"ಅಂದ್ರ ನಾ ಹೊಳ್ಳಿ ಬಂದದ್ದ ಸುಳ್ಳಾಗಲಿಲ್ಲ ಬಿಡ್ರಿ" ಎಂದು ನನ್ನ ಕೈ ತಡವಿ ಹಿಡಿದುಕೊಂಡ. ಕೈ ಬಿಡದೆಯೇ ಕೇಳಿದ, "ಹೊರಗ ಬರೂಮುಂದ ಹರಳ ತಗದ್ರಿ?"

"ಹ್ಞೂಂ ಕಾಕಾ. ತಗದೆ."

"ಹಂಗಾರ ಆತು" ಎಂದ.

ರೇಂಜರ್ ಸಾಹೇಬರು ಜೇನು ಹೇಗೆ ಎದ್ದವೆಂದು ಕೇಳಿದಾಗ, "ಗಿಡುಗ ಹುಟ್ಟಿಗೆ ಹೊಡೀತ್ರಿ ಸಾಹೇಬ್ರ" ಎಂದೆ. ಹುಡುಗರು ಬೆಂಕಿಯನ್ನು ಕಂಡಿದ್ದರು, ಆದರೆ ಯಾರೂ ಬಾಯಿ ಬಿಡಲಿಲ್ಲ. ಹೊಗೆಗೂ ಜೇನಿಗೂ ಇರುವ ನಂಟು ಅವರಿಗೂ ಹೊಳೆಯಲಿಲ್ಲವೋ, ನನ್ನ ಮುಖ ಉಳಿಸಿದರೋ ತಿಳಿಯದು. ಸಾಹೇಬರು ನಾಲ್ಕು ಜನರ ಮುಂದೆ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಕೆಲವೇ ತಿಂಗಳಲ್ಲಿ, ಅಲ್ಲಿ ನೀರು ಒಗ್ಗುವುದಿಲ್ಲವೆಂದು ನೆಪ ಹೇಳಿ ಹುನಗುಂದದ ಕಡೆಗೆ ವರ್ಗ ಮಾಡಿಸಿಕೊಂಡೆ. ಗುಡೂರಿನ ಹತ್ತಿರ ನೆಡುತೋಪಿನ ಕೆಲಸ. ನಾವೇ ನೆಟ್ಟ ಸಾಲು ಗಿಡಗಳು, ಹಳೆಯದೇನೂ ಇಲ್ಲ.

ಆಮೇಲೆ ಕಾಕಾನನ್ನು ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಆಗಾಗ ಕಾಣುತ್ತಿದ್ದೆ. ಒಂದೇ ಕಣ್ಣಿನಿಂದ ನನ್ನನ್ನು ನೋಡಿ, ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದ. "ಬನಕ್ಕ ಯಾವಾಗ ಬರ್ತೀರಿ ಸಾಹೇಬ್ರ? ಒಂದ ಸಲ ಬಂದ ಹೋಗ್ರಿ." ಬರ್ತೇನಿ ಕಾಕಾ, ಕೆಲಸ ಭಾಳ, ಎನ್ನುತ್ತಿದ್ದೆ. ಅವನು ಒತ್ತಾಯ ಮಾಡುತ್ತಿರಲಿಲ್ಲ. ಜೊತೆಗಿದ್ದವರಿಗೆ ನನ್ನನ್ನು ತೋರಿಸಿ, "ಅವತ್ತ ಹುಡುಗರ ಸಲುವಾಗಿ ಒಳಗ ನಿಂತಾವ್ರು ಇವರ ನೋಡ್ರಿ" ಎಂದು ಹೇಳುತ್ತಿದ್ದ. ನಾನು ಅದನ್ನೂ ಹೇಳಿಸಿಕೊಂಡೆ.

ಎಂಬತ್ತರ ದಶಕದ ನಡುವೆ ಕಾಕಾ ತೀರಿಕೊಂಡ. ಸುದ್ದಿ ತಿಳಿದು ಮಾತನಾಡಿಸಲು ಅವನ ಮನೆಗೆ ಹೋದೆ. ಮಗಳು ನೀರು ಕೊಟ್ಟು, "ಇವತ್ತ ಅಮಾಸಿ ಐತ್ರಿ ಅಣ್ಣಾರ, ನಾ ಬನಕ್ಕ ಹೊಂಟೇನಿ. ನೀವೂ ಬರ್ರಿ. ಅಪ್ಪ ಭಾಳ ನೆನಸ್ತಿದ್ದ, ಸಾಹೇಬ್ರು ಒಮ್ಮಿ ಬರಲಿಲ್ಲ ಅಂತ" ಎಂದಳು. ಇಲ್ಲ ಎನ್ನಲಾಗಲಿಲ್ಲ.

ಬನದ ಬಾಯಿಗೆ ಬಂದು ಕೆರವು ಬಿಟ್ಟೆ. ಈ ಸಲ ಬಗ್ಗಿ ನೆಲದಿಂದಲೇ ಹರಳು ಆರಿಸಿದೆ. ಇಡಲು ಹೋದರೆ, ಬಂಡೆಯ ನಡುವೆ ಅದು ಇತ್ತು. ಇಳಕಲ್ಲಿನ ಕೆಂಪು ಚೂರು. ಪಾಲಿಶ್ ಮಾಡಿದ ಮಗ್ಗುಲು ಮೇಲೆ ಮಾಡಿಕೊಂಡು. ಅದರ ಮೇಲೆ ಭಂಡಾರ ಹಾಕಿ ಹಾಕಿ ಹಳದಿ ಗಟ್ಟಿಯಾಗಿ ಕೂತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಇನ್ನೊಂದು ಚಿಟಿಕೆ ಭಂಡಾರವನ್ನು ಅದರ ಮೇಲೆ ಹಾಕಿದಳು.

ನನ್ನ ಕೈ ಅದರ ಹತ್ತಿರ ಹೋಗಿರಬೇಕು. "ಅದನ್ನ ಮುಟ್ಟಬ್ಯಾಡ್ರಿ ಅಣ್ಣಾರ, ಯಾರದೋ ಐತಿ" ಎಂದಳು.

"ಯಾರದಂತ ಅಪ್ಪ ಹೇಳಲಿಲ್ಲೇನವಾ?"

"ನಾನೂ ಕೇಳೇನ್ರಿ. ಅವತ್ತ ನಿಮ್ಮದು ಕೆಂಪಂದ ಇತ್ತಲ್ಲ, ಇದ ಅದೇನು ಅಂದೆ. ಅಲ್ಲ ಬಿಡವಾ, ಸಾಹೇಬ್ರು ತಮ್ಮದು ತಾವ ತಗದಾರ, ದವಾಖಾನ್ಯಾಗ ನನಗ ಹೇಳ್ಯಾರ, ಇದು ಬ್ಯಾರೆ ಯಾರದೋ ಅಂದ. ಒಳಗೊಬ್ಬಾವ ಉಳದಾನ, ಅಂವ ಬಂದ ತಗಿಯೂತನಾ ನಾವ ಕಾಯಬೇಕು ಅಂದ. ಸಾಯೂಮುಂದೂ ಅದನ್ನ ಹೇಳಿ ಹ್ವಾದ."

ದವಾಖಾನೆಯಿಂದ ಬಂದು, ಉಳಿದಿದ್ದ ತನ್ನ ಹರಳನ್ನು ತೆಗೆಯಲು ಮೊದಲ ಸಲ ಬನಕ್ಕೆ ಹೋದ ದಿನವೇ ಕಾಕಾ ಆ ಚೂರನ್ನು ಕಂಡಿರಬೇಕು. ಇಳಕಲ್ಲಿನ ಕಲ್ಲು ಆ ಗುಡ್ಡದಲ್ಲಿ ಇನ್ನೊಂದಿರಲಿಲ್ಲ. ಜೇನು ಎದ್ದಾಗ ನಾನು ಆ ದಾರಿಯಿಂದ ಹೊರಬರಲಿಲ್ಲ, ಅವನ ದನಿಗೆ ಓಗೊಡಲಿಲ್ಲ, ಅವನ ಕಣ್ಣು ಹೋದದ್ದು ಒಳಗಿಲ್ಲದವನ ಸಲುವಾಗಿ, ಇಷ್ಟೂ ಅವನಿಗೆ ಒಂದೇ ನೋಟಕ್ಕೆ ಗೊತ್ತಾಗಿತ್ತು. ಎಲ್ಲದಕ್ಕೂ ಬಡಾಯಿ ಹೊಡೆಯುವ ಮನುಷ್ಯ ಈ ಒಂದನ್ನು ಮಗಳಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ. ಊರ ಮುಂದೆ ನನ್ನ ಸುಳ್ಳನ್ನು ತಾನೇ ಹೊತ್ತು ತಿರುಗಿದ. ಬನಕ್ಕೆ ಬರ್ರಿ ಎಂದು ಅವನು ಕರೆದದ್ದು ಯಾತಕ್ಕೆಂದು ಅಂದು ತಿಳಿಯಿತು.

ಅವಳ ಹಿಂದೆ ಒಳಗೆ ಹೋದೆ. ಬಂಡೆಗೋಡೆಯ ಬುಡದ ಮರದ ಮೇಲೆ ನಾನು ಅರ್ಧ ಬರೆದ ಅಂಕಿ ಹಾಗೇ ಇತ್ತು. ತೊಗಟೆ ಬೆಳೆದು ಅದನ್ನು ಎರಡು ಕಡೆಗೆ ಎಳೆದಿತ್ತು. ಮೇಲೆ ಜೇನು ಇದ್ದವು. ಹಿಂದಿರುಗಿದೆವು. ಮುಂದಾಗಿ ಕರೆದೊಯ್ದವಳು ಅವಳಾದ್ದರಿಂದ ನಾನು ಮೊದಲು ಹೊರಬಂದೆ. ಬಂಡೆಯ ಮೇಲೆ ಆಗಷ್ಟೇ ಇಟ್ಟಿದ್ದ ಹರಳನ್ನು ತೆಗೆದೆ. ಅದರ ಪಕ್ಕದಲ್ಲೇ ಇನ್ನೊಂದಿತ್ತು. "ತಂಗೀ, ಇದೂ ನಂದ" ಎಂದರೆ ಮುಗಿಯುತ್ತಿತ್ತು. ಅವಳು ಹಿಂದೆ ನಿಂತು ಕಾಯುತ್ತಿದ್ದಳು, ನಾನು ಸರಿಯಲಿ ಎಂದು. ನಾನು ಸರಿದೆ. ಒಂದನ್ನು ತೆಗೆದು ಒಂದನ್ನು ಬಿಟ್ಟು ಬಂದೆ.

ನಿವೃತ್ತಿಯಾಗಿ ಇಳಕಲ್ಲಿನಲ್ಲಿದ್ದೇನೆ. ಮೊಣಕಾಲು ಹೋಗಿವೆ, ಆದರೆ ಅದು ನೆಪ. ಬಾದಾಮಿಗೆ ಬಸ್ಸುಗಳಿವೆ. ಹೋಗದಂತೆ ತಡೆದದ್ದು ಮೊಣಕಾಲಲ್ಲ. ಇದನ್ನು ಬರೆದದ್ದು ಕ್ಷಮೆ ಸಿಗಲಿ ಎಂದಲ್ಲ. ಕೊಡಬೇಕಾದವನು ಕೊಟ್ಟೇ ಹೋಗಿದ್ದ. ನಾನು ಅದನ್ನು ತೆಗೆದುಕೊಳ್ಳಲು ಹೋಗಲಿಲ್ಲ. ಆದರೆ ಆ ಮನೆಯವರು ಇನ್ನೂ ಅಮಾಸಿಗೊಮ್ಮೆ ಅಲ್ಲಿ ಭಂಡಾರ ಹಾಕುತ್ತಿರಬಹುದು. ಮಗಳೋ, ಅವಳ ಮಕ್ಕಳೋ. ಇದನ್ನು ಯಾರಾದರೂ ಅವರಿಗೆ ಓದಿ ಹೇಳಿಯಾರು.

ತಂಗೀ, ಆ ಕೆಂಪು ಹರಳ ನಂದು. ಅವತ್ತ ನಾ ಒಳಗ ಇರಲಿಲ್ಲ. ಒಳಗ ಯಾರೂ ಇಲ್ಲವಾ, ಇನ್ನ ಕಾಯಬ್ಯಾಡ್ರಿ.